ಮನುಷ್ಯರ ವೈರಾಣು ಕೊಟ್ಟಿಗೆಗೂ ಕಾಡಿಗೂ ದಾಟದಂತೆ ತಡೆಯುವ ಬಗೆ

ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಕಾಯಿಲೆಗಳ ಬಗ್ಗೆ ನಮ್ಮ ಊರುಗಳಲ್ಲಿ ತಕ್ಕಮಟ್ಟಿನ ಎಚ್ಚರವಿದೆ. ನಾಯಿ ಕಚ್ಚಿದರೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂಬುದು, ಕೋಳಿಗಳು ಗುಂಪಾಗಿ ಸತ್ತರೆ ಹಕ್ಕಿಜ್ವರವಿರಬಹುದೆಂಬುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಆದರೆ ನೆಗಡಿ, ಕೆಮ್ಮು, ಜ್ವರದಿಂದ ನರಳುತ್ತಿರುವ ಮನುಷ್ಯನೇ ತಾನು ಸಾಕಿದ ಹಂದಿಗೆ, ಬೆಟ್ಟದ ಮೇಲಿನ ಕೋತಿಗೆ ಅಥವಾ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆ ಮರಿಗೆ ಕಾಯಿಲೆ ಅಂಟಿಸಬಲ್ಲನೆಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಹಂದಿ, ಹಸು, ಎಮ್ಮೆ ಸಾಕುವವರು, ಕಬ್ಬು ಕಡಿಸುವವರು, ಕಾಡಂಚಿನಲ್ಲಿ ಜಮೀನು ಮಾಡುವವರು ಈ ಹರಡುವಿಕೆಯನ್ನು ತಡೆಯಲು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇದು ಬರಿಯ ಊಹೆಯ ಮಾತಲ್ಲ. 2009ರಲ್ಲಿ ಎಚ್1ಎನ್1 ಫ್ಲೂ ಜಗತ್ತಿನಾದ್ಯಂತ ಹರಡಿದಾಗ, ಅಲ್ಲಿಯವರೆಗೆ ಫ್ಲೂ ಕಾಣದಿದ್ದ ನಾರ್ವೆ ದೇಶದ ಹಂದಿಗಳಿಗೆ ಅದು ಮನುಷ್ಯರಿಂದಲೇ ಬಂತು. ಅದೇ ವರ್ಷ ಚಿಲಿ ದೇಶದ ಟರ್ಕಿ ಕೋಳಿಗಳಿಗೂ ತಗುಲಿತು. 2020ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ, ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಗಳಿಗೆ ಕೆಲಸಗಾರರಿಂದ ಕೋವಿಡ್ ಅಂಟಿ, ಅವುಗಳಿಂದ ಮತ್ತೆ ಮನುಷ್ಯರಿಗೆ ಮರಳಿತು. ಡೆನ್ಮಾರ್ಕ್ ಸರ್ಕಾರ ದೇಶದಲ್ಲಿದ್ದ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನು ಕೊಲ್ಲಿಸಲು ಆದೇಶಿಸಬೇಕಾಯಿತು. ಅಮೆರಿಕದ ಬಿಳಿಬಾಲದ ಜಿಂಕೆಗಳಲ್ಲಿ ಅದೇ ವೈರಾಣು ನೆಲೆಯೂರಿ ಜಿಂಕೆಯಿಂದ ಜಿಂಕೆಗೆ ಹರಡಿತು. ನಮ್ಮ ನೆರೆಯಲ್ಲಿಯೇ, 2021ರ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ 8 ಸಿಂಹಗಳಲ್ಲಿ ಕೋವಿಡ್ ದೃಢಪಟ್ಟಿತು; ಮುಂದಿನ ತಿಂಗಳು ಚೆನ್ನೈ ಬಳಿಯ ವಂಡಲೂರು ಮೃಗಾಲಯದ ಸಿಂಹಗಳಿಗೂ ಸೋಂಕು ತಗುಲಿ, ಒಂದು ಹೆಣ್ಣು ಸಿಂಹ ಸತ್ತಿತು.

ಮೊದಲು ಗಮನ ಕೊಡಬೇಕಾದದ್ದು ಹಂದಿಗೆ

ಎಲ್ಲ ಪ್ರಾಣಿಗಳಿಗೂ ನಮ್ಮ ಎಲ್ಲ ವೈರಾಣುಗಳು ಅಂಟುವುದಿಲ್ಲ. ವೈರಾಣು ಒಂದು ಜೀವಕೋಶದೊಳಗೆ ಹೋಗಬೇಕಾದರೆ ಆ ಕೋಶದ ಹೊರಮೈಯಲ್ಲಿ ಅದಕ್ಕೆ ಹೊಂದುವ ಹಿಡಿಕೆ ಇರಬೇಕು. ಮನುಷ್ಯರ ಫ್ಲೂ ವೈರಾಣು ಹಿಡಿಯುವ ಬಗೆಯ ಹಿಡಿಕೆಯೂ ಹಕ್ಕಿಗಳ ಫ್ಲೂ ವೈರಾಣು ಹಿಡಿಯುವ ಬಗೆಯ ಹಿಡಿಕೆಯೂ ಹಂದಿಯ ಉಸಿರಾಟದ ದಾರಿಯಲ್ಲಿ ಇರುವುದರಿಂದ, ಎರಡೂ ಕಡೆಯ ವೈರಾಣುಗಳು ಒಂದೇ ಹಂದಿಯಲ್ಲಿ ಸೇರಿ, ತಮ್ಮ ಅಂಶಗಳನ್ನು ಅದಲುಬದಲು ಮಾಡಿಕೊಂಡು, ಯಾರೂ ಕಾಣದ ಹೊಸ ತಳಿಯೊಂದು ಹುಟ್ಟಲು ಅವಕಾಶವಾಗುತ್ತದೆ. 2009ರ ಫ್ಲೂ ಹುಟ್ಟಿದ್ದೂ ಹಂದಿಗಳಲ್ಲಿ ಹೀಗೆ ಬೆರೆತ ವೈರಾಣುಗಳಿಂದಲೇ.

ಇನ್ನೊಂದು ಅಪಾಯ ನಿಧಾನವಾದದ್ದು. ಮನುಷ್ಯರಲ್ಲಿ ಫ್ಲೂ ವೈರಾಣು ವರ್ಷದಿಂದ ವರ್ಷಕ್ಕೆ ರೂಪ ಬದಲಿಸುತ್ತಾ ಹೋಗುತ್ತದೆ. ಹಂದಿಗಳಿಗೆ ದಾಟಿದ ಹಳೆಯ ರೂಪವಾದರೋ ಅಲ್ಲಿಯೇ ಹಲವು ವರ್ಷ ಉಳಿದುಬಿಡುತ್ತದೆ. ಆ ಹೊತ್ತಿಗೆ ಹುಟ್ಟಿ ಬೆಳೆದ ಮಕ್ಕಳ ಮೈಯಲ್ಲಿ ಅದರ ವಿರುದ್ಧ ರಕ್ಷಣೆ ಇರುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಹಂದಿಗಳಿಗೆ ಮನುಷ್ಯರಿಂದ ಹೋದ ಎಚ್3ಎನ್2 ವೈರಾಣುವಿನ ಅಂಶ ಹೊತ್ತ ತಳಿಯೊಂದು, 2012ರಲ್ಲಿ ಅಲ್ಲಿನ ಕೃಷಿ ಮೇಳಗಳಲ್ಲಿ ಹಂದಿಗಳ ಹತ್ತಿರ ಸುಳಿದಾಡಿದ 300ಕ್ಕೂ ಹೆಚ್ಚು ಜನರಿಗೆ ಜ್ವರ ತಂದಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆದ್ದರಿಂದ ಹಂದಿಯನ್ನು ನಮ್ಮ ನೆಗಡಿಯಿಂದ ಕಾಪಾಡುವುದೆಂದರೆ ಹಂದಿಯ ಮೇಲಿನ ಕರುಣೆ ಮಾತ್ರವಲ್ಲ.

ಮರಿ ಮಾಡಿಸುವ ಫಾರ್ಮ್‌ಗಳಲ್ಲಿ ಹೆಚ್ಚು ಜಾಗ್ರತೆ ಬೇಕು. ಮರಿಗಳನ್ನು ಕೊಂಡು ತಂದು ಕೊಬ್ಬಿಸಿ ಮಾರುವ ಕಡೆ, ಇರುವ ಹಂದಿಗಳಿಗೆಲ್ಲ ಒಮ್ಮೆ ಬಂದು ಹೋದ ಮೇಲೆ ವೈರಾಣುವಿಗೆ ಹೊಸ ಆಸರೆ ಸಿಗದೆ ಅದು ಅಡಗುತ್ತದೆ. ತಿಂಗಳು ತಿಂಗಳಿಗೂ ಹೊಸ ಮರಿಗಳು ಹುಟ್ಟುವ ಕಡೆ ಅದಕ್ಕೆ ಆಸರೆ ತಪ್ಪುವುದೇ ಇಲ್ಲ.

ಕಾಯಿಲೆಯಾದವರು ಕೊಟ್ಟಿಗೆಗೆ ಹೋಗದಿರುವ ವ್ಯವಸ್ಥೆ

ಈ ವಿಷಯದಲ್ಲಿ ಔಷಧ ಸಿಂಪಡಿಸುವುದು, ಬಾಗಿಲಲ್ಲಿ ಸುಣ್ಣ ಹಾಕುವುದು ಮೊದಲಾದವುಗಳ ಬಗ್ಗೆಯೇ ಹೆಚ್ಚು ಮಾತು ಕೇಳಿಬರುತ್ತದೆ. ನನ್ನ ಎಣಿಕೆಯಲ್ಲಿ ಅವೆಲ್ಲ ಎರಡನೆಯ ಸಾಲಿನವು. ಜ್ವರ, ಕೆಮ್ಮು ಇರುವ ಮನುಷ್ಯ ಪ್ರಾಣಿಗಳ ಹತ್ತಿರ ಹೋಗದಿರುವುದಕ್ಕಿಂತ ಪರಿಣಾಮಕಾರಿಯಾದ ಕ್ರಮ ಇನ್ನೊಂದಿಲ್ಲ. ಮತ್ತು ಸಣ್ಣ ರೈತರ ಪಾಲಿಗೆ ಅಷ್ಟೇ ಕಷ್ಟದ ಕ್ರಮವೂ ಇನ್ನೊಂದಿಲ್ಲ. ಹಂದಿಗೆ ಮೇವು ಹಾಕುವವರು ಒಬ್ಬರೇ ಇದ್ದರೆ, ಅವರಿಗೆ ಜ್ವರ ಬಂದ ದಿನವೂ ಹಂದಿ ಹಸಿವಿನಿಂದ ಕೂಗುತ್ತದೆ. ಹಾಗಾಗಿ ಬದಲಿ ಆಳಿನ ಏರ್ಪಾಟನ್ನು ಜ್ವರ ಬರುವುದಕ್ಕೆ ಮೊದಲೇ ಮಾಡಿಟ್ಟುಕೊಳ್ಳಬೇಕು.

ಫ್ಲೂ ತಗುಲಿದವರು ಲಕ್ಷಣ ಕಾಣುವುದಕ್ಕೆ ಸುಮಾರು ಒಂದು ದಿನ ಮೊದಲಿನಿಂದಲೇ ವೈರಾಣುವನ್ನು ಹೊರಹಾಕತೊಡಗುತ್ತಾರೆ. ಕಾಯಿಲೆ ಶುರುವಾದ ಮೇಲೆ 5ರಿಂದ 7 ದಿನ ಅದು ಮುಂದುವರಿಯುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡು, ಜ್ವರ ಅಥವಾ ಕೆಮ್ಮು ಶುರುವಾದ ದಿನದಿಂದ 7 ದಿನ ಹಂದಿಗಳ ಹತ್ತಿರ ಸುಳಿಯಬಾರದೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಆ ಅವಧಿ ಮುಗಿದಾಗಲೂ ಜ್ವರವಿದ್ದರೆ, ಮಾತ್ರೆಯ ಬಲವಿಲ್ಲದೆ ಪೂರ್ತಿ ಒಂದು ದಿನ ಜ್ವರ ಬಾರದಿರುವವರೆಗೆ ಕಾಯಬೇಕು. ಮನೆಯಲ್ಲಿ ಮಕ್ಕಳಿಗೆ ಜ್ವರವಿದ್ದು ದೊಡ್ಡವರು ಆರೋಗ್ಯವಾಗಿದ್ದರೆ, ಮಗುವನ್ನು ನೋಡಿಕೊಳ್ಳುವವರು ಬೇರೆ, ಹಂದಿಯನ್ನು ನೋಡಿಕೊಳ್ಳುವವರು ಬೇರೆ ಎಂದು ಕೆಲಸ ಹಂಚಿಕೊಳ್ಳಬೇಕು.

ನಮ್ಮ ಕಡೆ ನಾಟಿಗೂ ಕಟಾವಿಗೂ ಮುಯ್ಯಾಳು ಹೋಗುವ ರೂಢಿಯಿದೆ. ಅದೇ ರೂಢಿಯನ್ನು ಕೊಟ್ಟಿಗೆಯ ಕೆಲಸಕ್ಕೂ ತರಬಹುದು: ಎರಡು ಮೂರು ಮನೆಯವರು ಮೊದಲೇ ಮಾತಾಡಿಕೊಂಡು, ಒಬ್ಬರಿಗೆ ಹುಷಾರಿಲ್ಲದಾಗ ಇನ್ನೊಬ್ಬರು ಬಂದು ಮೇವು, ನೀರು, ಹಾಲು ಕರೆಯುವ ಕೆಲಸ ನೋಡಿಕೊಳ್ಳಬಹುದು. ಆದರೆ ಹಂದಿಯ ವಿಷಯದಲ್ಲಿ ಒಂದು ಮುಖ್ಯವಾದ ಷರತ್ತಿದೆ. ಹಂದಿ ಸಾಕುವ ಇನ್ನೊಬ್ಬರನ್ನು ಮುಯ್ಯಾಳಾಗಿ ಕರೆಯಬಾರದು. ಅವರ ಚಪ್ಪಲಿ, ಬಟ್ಟೆಗಳ ಮೂಲಕ ಹಂದಿಜ್ವರವೋ (ಎಚ್1ಎನ್1 ಫ್ಲೂ ಅಲ್ಲ, ಕ್ಲಾಸಿಕಲ್ ಸ್ವೈನ್ ಫೀವರ್ ಎಂಬ ಬೇರೆ ಕಾಯಿಲೆ) ಆಫ್ರಿಕನ್ ಹಂದಿಜ್ವರವೋ ಬಂದರೆ, ಒಂದು ವಾರದಲ್ಲಿ ವಾಸಿಯಾಗುವ ಫ್ಲೂವನ್ನು ತಪ್ಪಿಸಲು ಹೋಗಿ ಇಡೀ ಹಿಂಡನ್ನೇ ಕಳೆದುಕೊಂಡಂತಾಗುತ್ತದೆ. ಆ ಎರಡು ಕಾಯಿಲೆಗಳು ಮನುಷ್ಯರಿಗೆ ಬರುವುದಿಲ್ಲವಾದರೂ ಹಂದಿಗಳಿಗೆ ಮಾರಕ. ಹಂದಿ ಇಲ್ಲದ ಮನೆಯವರೊಬ್ಬರಿಗೆ ಮೇವಿನ ಅಳತೆ, ನೀರಿನ ವಾಲ್ವ್, ಬಾಗಿಲುಗಳ ಕ್ರಮವನ್ನು ಬಿಡುವಿನ ದಿನದಲ್ಲಿ ತೋರಿಸಿಕೊಟ್ಟಿರುವುದೇ ಸರಿಯಾದ ದಾರಿ.

ಕೂಲಿಗೆ ಆಳು ಇಟ್ಟುಕೊಂಡಿರುವ ಫಾರ್ಮ್ ಮಾಲೀಕರಿಗೆ ಹೇಳಬೇಕಾದ ಮಾತು ಬೇರೆ. ಜ್ವರ ಬಂದ ದಿನಗಳ ಕೂಲಿಯನ್ನು ಹಿಡಿದುಕೊಂಡರೆ ಯಾವ ಆಳೂ ತನಗೆ ಜ್ವರವಿದೆಯೆಂದು ಹೇಳುವುದಿಲ್ಲ. ಮಾತ್ರೆ ನುಂಗಿ, ಕೆಮ್ಮನ್ನು ಅಡಗಿಸಿಕೊಂಡು ಶೆಡ್ಡಿನೊಳಕ್ಕೆ ಬರುತ್ತಾನೆ. ಕಾಯಿಲೆಯ ದಿನಗಳಿಗೆ ಪೂರ್ತಿ ಕೂಲಿ ಕೊಡುವುದು ಇಲ್ಲಿ ಔದಾರ್ಯದ ಪ್ರಶ್ನೆಯಲ್ಲ, ಹಿಂಡನ್ನು ಕಾಯುವ ಖರ್ಚು. ಜೊತೆಗೆ, ಕೆಲಸಗಾರರಿಗೂ ಮನೆಯವರಿಗೂ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವುದನ್ನು ವೈದ್ಯರ ಹತ್ತಿರ ಕೇಳಿ ಯೋಚಿಸಬೇಕು. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಚಳಿಗಾಲದ ಕೊನೆಯ ಹೊತ್ತಿಗೆ ಇನ್ನೊಮ್ಮೆ ಏರುವುದರಿಂದ, ಮುಂಗಾರಿಗೆ ಮೊದಲೇ ಹಾಕಿಸುವುದು ಉಚಿತ.

ಬದಲಿ ಯಾರೂ ಸಿಗದೆ ಕಾಯಿಲೆಯವರೇ ಹೋಗಲೇಬೇಕಾದ ಸಂದರ್ಭದಲ್ಲಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಕಟ್ಟಿಕೊಂಡು, ಸೋಪಿನಿಂದ ಕೈ ತೊಳೆದು, ಮೇವು ನೀರು ಹಾಕಿ ಹೊರಗೆ ಬರಬೇಕು. ಮರಿಗಳನ್ನು ಎತ್ತುವುದು, ಹಲ್ಲು ಕತ್ತರಿಸುವುದು, ಚುಚ್ಚುಮದ್ದು ಹಾಕುವುದು ಮುಂತಾಗಿ ಮೈಗೆ ಮೈ ತಾಕುವ ಕೆಲಸಗಳನ್ನೆಲ್ಲ ಮುಂದೂಡಬೇಕು. ಶೆಡ್ಡಿನ ಬದಿಯ ಪರದೆಗಳನ್ನು ಮೇಲೆತ್ತಿ ಗಾಳಿಯಾಡಲು ಬಿಡಬೇಕು.

ಬಟ್ಟೆ, ಚಪ್ಪಲಿ, ಬ್ಲೀಚಿಂಗ್ ಪೌಡರ್

ಕೊಟ್ಟಿಗೆಗೆಂದೇ ಬೇರೆ ಚಪ್ಪಲಿ ಅಥವಾ ಗಂಬೂಟು, ಬೇರೆ ಅಂಗಿ ಇಟ್ಟುಕೊಂಡು ಬಾಗಿಲ ಬಳಿಯೇ ಬದಲಿಸಬೇಕು. ಫ್ಲೂ ಮತ್ತು ಕೊರೋನಾ ವೈರಾಣುಗಳ ಹೊರಗಡೆ ಕೊಬ್ಬಿನ ಪದರವಿರುವುದರಿಂದ ಸಾಮಾನ್ಯ ಸೋಪಿಗೇ ಅವು ನಾಶವಾಗುತ್ತವೆ. ವಾಂತಿಭೇದಿ ತರುವ ಕೆಲವು ವೈರಾಣುಗಳಿಗೆ ಆ ಪದರವಿಲ್ಲದ ಕಾರಣ ಅವು ಸೋಪಿಗೂ ಸ್ಯಾನಿಟೈಸರಿಗೂ ಸುಲಭವಾಗಿ ಬಗ್ಗುವುದಿಲ್ಲ. ಅಂಥ ಕಡೆ ಬ್ಲೀಚಿಂಗ್ ಪೌಡರ್ ಬೇಕು.

ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇಕಡಾ 30ರಿಂದ 33ರಷ್ಟು ಕ್ಲೋರಿನ್ ಇರುತ್ತದೆ. 10 ಲೀಟರ್ ನೀರಿಗೆ 30 ಗ್ರಾಂ ಕದಡಿದರೆ ಬಕೆಟ್ಟು, ಮೇವಿನ ತೊಟ್ಟಿ, ಬಾಗಿಲ ಹಿಡಿ ಒರೆಸಲು ಸಾಕಾಗುವ ಶೇಕಡಾ 0.1ರ ದ್ರಾವಣ ಸಿಗುತ್ತದೆ. ನೆಲಕ್ಕೂ ಗಂಬೂಟಿಗೂ 150 ಗ್ರಾಂ ಹಾಕಿ ಗಟ್ಟಿ ದ್ರಾವಣ ಮಾಡಿಕೊಳ್ಳಬಹುದು. ಸಗಣಿ, ಮೇವು, ಜಿಡ್ಡು ಇರುವ ಕಡೆ ಕ್ಲೋರಿನ್ ಅದಕ್ಕೇ ಖರ್ಚಾಗಿ ವೈರಾಣುವಿನವರೆಗೆ ತಲುಪುವುದಿಲ್ಲವಾದ್ದರಿಂದ, ಮೊದಲು ಗುಡಿಸಿ, ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಆಮೇಲೆ ದ್ರಾವಣ ಹಾಕಿ 10 ನಿಮಿಷ ಬಿಡಬೇಕು. ಪೊಟ್ಟಣ ಬಿಚ್ಚಿಟ್ಟ ಪೌಡರ್ ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ದ್ರಾವಣವನ್ನಂತೂ ದಿನದಿನವೂ ಹೊಸದಾಗಿ ಮಾಡಬೇಕು. ಮನೆಯ ಆಸಿಡ್ ಜೊತೆ ಅದನ್ನು ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ.

ಹೋಟೆಲ್ ಮುಸುರೆ

ಮೈಸೂರು, ಮಂಡ್ಯದಂಥ ಊರುಗಳ ಸುತ್ತಮುತ್ತ ಹಂದಿ ಸಾಕುವವರು ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳಿಂದ ಎಂಜಲು ಅನ್ನ, ಮುಸುರೆ ತಂದು ಹಾಕುವುದುಂಟು. ಮೇವಿನ ಖರ್ಚು ಉಳಿಸಲು ಇದು ದೊಡ್ಡ ಆಧಾರವಾದ್ದರಿಂದ ಬಿಟ್ಟೇಬಿಡಿ ಎಂದು ಹೇಳುವುದು ವ್ಯರ್ಥ. ಆದರೆ ಅದರಲ್ಲಿ ನೂರಾರು ಜನರ ಎಂಜಲಿದೆ, ಹಲವು ಬಾರಿ ಹಸಿ ಮಾಂಸದ ತುಂಡುಗಳೂ ಇರುತ್ತವೆ. ತಂದ ದಿನವೇ ದೊಡ್ಡ ಹಂಡೆಯಲ್ಲಿ ಹಾಕಿ, ತಳ ಹಿಡಿಯದಂತೆ ತಿರುವುತ್ತಾ, ಕುದಿ ಬಂದ ಮೇಲೆ ಒಂದು ಗಂಟೆ ಕುದಿಸಿ, ಆರಿಸಿ ಕೊಡಬೇಕು. ಇದರಿಂದ ಮನುಷ್ಯರ ವೈರಾಣುಗಳ ಜೊತೆಗೆ, ಮಾಂಸದ ತುಂಡುಗಳ ಮೂಲಕ ಬರುವ ಹಂದಿಜ್ವರವೂ ತಪ್ಪುತ್ತದೆ. ಹಸಿ ಮುಸುರೆ ತಂದ ಡ್ರಮ್ಮಿನಲ್ಲೇ ಕುದಿಸಿದ್ದನ್ನು ತುಂಬಿದರೆ ಸುಟ್ಟ ಸೌದೆಯೆಲ್ಲ ದಂಡ. ಹಂದಿಗಳು ಚರಂಡಿಗೂ ಬಯಲುಕಡೆಗೂ ಮೇಯಲು ಹೋಗದಂತೆ ಕಟ್ಟುನಿಟ್ಟಾಗಿ ಶೆಡ್ಡಿನಲ್ಲೇ ಇಡಬೇಕೆಂಬುದು ಬೇರೆ ಹೇಳಬೇಕಾಗಿಲ್ಲ.

ಹಸು, ಎಮ್ಮೆ, ಕೋಳಿ

ಹಸು ಎಮ್ಮೆಗಳಿಗೆ ನಮ್ಮ ನೆಗಡಿ ಸಾಮಾನ್ಯವಾಗಿ ಅಂಟುವುದಿಲ್ಲ. ಕೋವಿಡ್ ಕೂಡ ಅವುಗಳಲ್ಲಿ ಬೇರೂರಲಿಲ್ಲ. ಆದರೆ ಹಾಲು ಕರೆಯುವ ಕೈಯ ವಿಷಯ ಬೇರೆ. ಎಮ್ಮೆಯ ಕೆಚ್ಚಲು, ಮೊಲೆತೊಟ್ಟುಗಳ ಮೇಲೆ ಗುಳ್ಳೆಯೆಬ್ಬಿಸುವ ಎಮ್ಮೆ ಸಿಡುಬಿನ ವೈರಾಣು, ಹಿಂದೆ ಮನುಷ್ಯರ ಸಿಡುಬಿಗೆ ಲಸಿಕೆಯಾಗಿ ಬಳಸುತ್ತಿದ್ದ ವ್ಯಾಕ್ಸೀನಿಯಾ ವೈರಾಣುವಿನ ಗುಂಪಿಗೇ ಸೇರಿದ್ದು. ಆ ಲಸಿಕೆಯಿಂದಲೇ ಅದು ಜಾನುವಾರುಗಳಿಗೆ ದಾಟಿರಬೇಕೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಈಗ ಅದು ಎಮ್ಮೆಯಿಂದ ಕೈಗೆ, ಕೈಯಿಂದ ಇನ್ನೊಂದು ಎಮ್ಮೆಗೆ ಓಡಾಡುತ್ತದೆ. ಬೆರಳಲ್ಲಿ, ಅಂಗೈಯಲ್ಲಿ ನೀರುಗುಳ್ಳೆಗಳೆದ್ದಿದ್ದರೆ, ಅವು ಒಣಗಿ ಹೊಪ್ಪಳೆ ಉದುರುವವರೆಗೆ ಹಾಲು ಕರೆಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಗುಳ್ಳೆಯಿರುವ ಎಮ್ಮೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆದು, ಕೆಚ್ಚಲು ಒರೆಸುವ ಬಟ್ಟೆಯನ್ನು ಒಂದರಿಂದ ಇನ್ನೊಂದಕ್ಕೆ ಬಳಸದೆ, ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಬೇಕು.

ನಾಟಿ ಕೋಳಿಗಳಿಗೆ ಮನುಷ್ಯರ ಫ್ಲೂ ಸುಲಭವಾಗಿ ಹತ್ತುವುದಿಲ್ಲ, ಟರ್ಕಿ ಕೋಳಿಗಳಿಗೆ ಹತ್ತುತ್ತದೆ. ಮನೆಯ ಬೆಕ್ಕು, ನಾಯಿಗಳಿಗೆ ಕೋವಿಡ್ ತಗುಲಿದ ಪ್ರಕರಣಗಳು ಹಲವು ದೇಶಗಳಲ್ಲಿ ಕಂಡಿವೆ. ಕಾಯಿಲೆಯವರು ಅವುಗಳನ್ನು ಹಾಸಿಗೆಯಲ್ಲಿ ಮಲಗಿಸಿಕೊಳ್ಳದಿದ್ದರೆ ಸಾಕು.

ಹಂದಿ ಕೆಮ್ಮತೊಡಗಿದರೆ

ಫ್ಲೂ ತಗುಲಿದ ಹಂದಿಗಳಲ್ಲಿ ಒಂದರಿಂದ ಮೂರು ದಿನಗಳೊಳಗೆ ಜ್ವರ, ನಾಯಿ ಬೊಗಳಿದಂಥ ಗಟ್ಟಿ ಕೆಮ್ಮು, ಮೂಗಿನಿಂದ ಸುರಿತ ಕಾಣಿಸಿಕೊಂಡು, ಮೇವು ಬಿಟ್ಟು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಹಿಂಡಿನ ಬಹುಪಾಲು ಹಂದಿಗಳು ಒಟ್ಟಿಗೇ ಮಲಗಿ, ಒಂದು ವಾರದೊಳಗೆ ಒಟ್ಟಿಗೇ ಚೇತರಿಸಿಕೊಳ್ಳುವುದು ಇದರ ಗುರುತು, ಸಾಯುವವು ಕಡಿಮೆ. ಗಬ್ಬದ ಹಂದಿಗಳು ಜ್ವರದ ತಾಪಕ್ಕೆ ಕಂದು ಹಾಕಬಹುದು. ಇದಕ್ಕೆ ಬದಲಾಗಿ, ಚರ್ಮ ಕೆಂಪಾಗಿಯೋ ನೀಲಿಯಾಗಿಯೋ ತಿರುಗಿ ಹಂದಿಗಳು ಒಂದರ ಹಿಂದೊಂದು ಸಾಯುತ್ತಿದ್ದರೆ ಅದು ಫ್ಲೂ ಅಲ್ಲ, ಬೇರೆಯೇ ತುರ್ತಿನ ವಿಷಯ. ಎರಡರಲ್ಲಿ ಯಾವುದಾದರೂ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು, ಅಥವಾ 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬೇಕು.

ವೈದ್ಯರು ಬಂದಾಗ ಬಹಳ ಜನ ಹೇಳದೆ ಬಿಡುವ ಒಂದು ಮಾತಿದೆ: ಹಿಂದಿನ ವಾರ ಮನೆಯಲ್ಲಿ ಅಥವಾ ಆಳುಗಳಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂಬುದು. ಅವರು ಕೇಳದಿದ್ದರೂ ತಾವಾಗಿಯೇ ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಮೂಗಿನ ದ್ರವದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಯೋಚನೆ ಹೊಳೆಯಬಹುದು. ಆ ಮಾದರಿಯನ್ನೂ ಜ್ವರ ಏರಿರುವ ಮೊದಲ ಎರಡು ಮೂರು ದಿನಗಳಲ್ಲಿಯೇ ತೆಗೆದರೆ ಮಾತ್ರ ಫಲ. ಆಂಟಿಬಯೋಟಿಕ್ ಚುಚ್ಚುಮದ್ದು ವೈರಾಣುವನ್ನು ಕೊಲ್ಲುವುದಿಲ್ಲ, ಮೇಲಿಂದ ಸೇರಿಕೊಳ್ಳುವ ಬ್ಯಾಕ್ಟೀರಿಯಾಗಳಿಗೆ ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರಿಗೆ ಬಿಡಬೇಕು. ಕೆಮ್ಮು ನಿಂತು ಕೆಲವು ದಿನ ಕಳೆಯುವವರೆಗೆ ಹಂದಿಗಳನ್ನು ಸಂತೆಗೆ ಹೊಡೆಯುವುದು, ಮರಿ ಮಾರುವುದು, ಬೇರೆ ಕಡೆಯಿಂದ ಗಂಡು ತರುವುದು ಕೂಡದು. ಚೆನ್ನಾಗಿ ಬೇಯಿಸಿದ ಮಾಂಸದಿಂದ ಫ್ಲೂ ಬರುವುದಿಲ್ಲವೆಂಬುದನ್ನು ಗಿರಾಕಿಗಳಿಗೆ ಧೈರ್ಯವಾಗಿ ಹೇಳಬಹುದು.

ಕೋತಿ, ಚಿರತೆ, ಮೃಗಾಲಯ

ಕಾಡುಪ್ರಾಣಿಗಳಲ್ಲಿ ಮನುಷ್ಯರ ಕಾಯಿಲೆಗೆ ಹೆಚ್ಚು ಸುಲಭವಾಗಿ ಸಿಕ್ಕಿಬೀಳುವವು ನಮ್ಮ ಹತ್ತಿರದ ಬಂಧುಗಳಾದ ವಾನರ ಜಾತಿಯವು. 2013ರಲ್ಲಿ ಉಗಾಂಡದ ಕಿಬಾಲೆ ಕಾಡಿನಲ್ಲಿ, ನಮ್ಮ ಮಕ್ಕಳಿಗೆ ಬರಿಯ ನೆಗಡಿ ತರುವಂಥ ರೈನೋ ವೈರಾಣುವಿಗೆ 5 ಚಿಂಪಾಂಜಿಗಳು ಬಲಿಯಾದವು. ಅಂಥ ಅನುಭವಗಳಿಂದಾಗಿಯೇ ಆಫ್ರಿಕಾದ ಗೊರಿಲ್ಲಾ ಕಾಡುಗಳಲ್ಲಿ ಪ್ರವಾಸಿಗರು ಹಲವು ಮೀಟರ್ ದೂರ ನಿಲ್ಲಬೇಕು, ಕಾಯಿಲೆಯವರು ಹೋಗಲೇಬಾರದು ಎಂಬ ನಿಯಮಗಳು ಬಂದಿವೆ. ಮೈಸೂರು ಮೃಗಾಲಯದಲ್ಲಿ ಚಿಂಪಾಂಜಿಗಳಿವೆ, 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳಿವೆ. ಮಗುವಿಗೆ ಕೆಮ್ಮು ಇರುವಾಗ ಮೃಗಾಲಯದ ಪ್ರವಾಸವನ್ನು ಇನ್ನೊಂದು ವಾರಕ್ಕೆ ಮುಂದೂಡುವುದು ನೋಡಲು ಹೋಗುವವರಿಂದ ಆಗಬಹುದಾದ ದೊಡ್ಡ ಉಪಕಾರ.

ಚಾಮುಂಡಿ ಬೆಟ್ಟದ, ಮೇಲುಕೋಟೆಯ ಕೋತಿಗಳಿಗೆ ಕಂದಕವೂ ಇಲ್ಲ, ಗಾಜಿನ ಗೋಡೆಯೂ ಇಲ್ಲ. ಅರ್ಧ ಕಚ್ಚಿದ ಬಾಳೆಹಣ್ಣು, ಕುಡಿದು ಉಳಿದ ಜ್ಯೂಸಿನ ಬಾಟಲಿ, ಮೂಗೊರೆಸಿ ಎಸೆದ ಟಿಶ್ಯೂ, ಬಳಸಿದ ಮಾಸ್ಕ್ ನೇರವಾಗಿ ಅವುಗಳ ಕೈಗೆ, ಬಾಯಿಗೆ ಹೋಗುತ್ತವೆ. ದಡಾರ ಕೂಡ ಕೋತಿಗಳಿಗೆ ತಗುಲಬಲ್ಲ ವೈರಾಣು. ಪುಣ್ಯ ಬರುತ್ತದೆಂದು ಹಣ್ಣು ಹಂಚುವವರನ್ನು ತಡೆಯುವುದು ಕಷ್ಟವೆಂಬುದು ನಿಜ. ಕಡೆಯ ಪಕ್ಷ ಎಂಜಲನ್ನು ಕೊಡದೆ, ಕಸವನ್ನು ಚೀಲದಲ್ಲಿ ಕಟ್ಟಿ ಬೆಟ್ಟದ ಕೆಳಗೆ ತರುವುದು ಕಷ್ಟವಲ್ಲ. ಅಲ್ಲಲ್ಲಿ ಮನೆಗಳಲ್ಲಿ ಸಾಕುವ ಮಾರ್ಮೊಸೆಟ್ ಎಂಬ ಪುಟ್ಟ ವಿದೇಶಿ ಕೋತಿಗಳಿಗಂತೂ, ನಮ್ಮ ತುಟಿಯಂಚಿನಲ್ಲಿ ಗುಳ್ಳೆಯೆಬ್ಬಿಸುವ ಹರ್ಪಿಸ್ ವೈರಾಣುವೇ ಪ್ರಾಣ ತೆಗೆಯಬಲ್ಲದು; ಗುಳ್ಳೆಯಿದ್ದವರು ಅವನ್ನು ಮುಟ್ಟಲೇಬಾರದು.

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಮೈಸೂರು ಜಿಲ್ಲೆಗಳ ಗದ್ದೆಗಳಲ್ಲಿ ಚಿರತೆ ಮರಿಗಳು, ಕಾಡುಬೆಕ್ಕಿನ ಮರಿಗಳು ಸಿಗುವುದು ಅಪರೂಪವಲ್ಲ. ಬೆಕ್ಕಿನ ಕುಲದ ಪ್ರಾಣಿಗಳಿಗೆ ಕೋವಿಡ್ ಸುಲಭವಾಗಿ ಅಂಟುವುದು ಸಿಂಹಗಳಲ್ಲಿ ಕಂಡಿದೆ. ಉತ್ತರ ಪ್ರದೇಶದಲ್ಲಿ ಕಾಡಿನ ಚಿರತೆಯೊಂದರಲ್ಲಿಯೂ ಆ ವೈರಾಣು ಪತ್ತೆಯಾಗಿತ್ತು. ಮರಿ ಕಂಡ ಕೂಡಲೇ ಊರೆಲ್ಲ ಸೇರಿ, ಕೈಯಿಂದ ಕೈಗೆ ದಾಟಿಸಿ, ಮುಖದ ಹತ್ತಿರ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಎಲ್ಲ ಲೆಕ್ಕದಿಂದಲೂ ತಪ್ಪು: ತಾಯಿ ಹತ್ತಿರದಲ್ಲೇ ಇರುತ್ತದೆ, ಮರಿ ಹೆದರಿ ಬಸವಳಿಯುತ್ತದೆ, ಕೆಮ್ಮುವವರೊಬ್ಬರಿದ್ದರೂ ಅವರ ವೈರಾಣು ಆ ಮರಿಯ ಜೊತೆ ಮರಳಿ ಕಾಡಿಗೆ ಹೋಗುತ್ತದೆ. ಮರಿ ಕಂಡ ಜಾಗದಿಂದ ಆಳುಗಳನ್ನು ಹಿಂದಕ್ಕೆ ಕರೆದು, ಆ ಭಾಗದ ಕಟಾವು ನಿಲ್ಲಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು. ಸಿಬ್ಬಂದಿ ಸಾಮಾನ್ಯವಾಗಿ ಮರಿಯನ್ನು ಅದೇ ಜಾಗದಲ್ಲಿಟ್ಟು, ರಾತ್ರಿ ತಾಯಿ ಬಂದು ಕೊಂಡೊಯ್ಯಲು ಅವಕಾಶ ಮಾಡಿಕೊಡುತ್ತಾರೆ. ಅಷ್ಟರೊಳಗೆ ಯಾರಾದರೂ ಮರಿಯನ್ನು ಮುಟ್ಟಿಬಿಟ್ಟಿದ್ದರೆ, ಎಷ್ಟು ಜನ ಮುಟ್ಟಿದರು, ಅವರಲ್ಲಿ ಯಾರಿಗಾದರೂ ಜ್ವರ ಕೆಮ್ಮು ಇದೆಯೇ ಎಂಬುದನ್ನು ಮುಚ್ಚಿಡದೆ ಸಿಬ್ಬಂದಿಗೆ ಹೇಳಬೇಕು; ಮರಿಯನ್ನು ತಾಯಿಯ ಹತ್ತಿರ ಬಿಡುವುದೋ, ಪಶುವೈದ್ಯರಿಗೆ ತೋರಿಸಿ ನಿಗಾದಲ್ಲಿಡುವುದೋ ಎಂದು ಅವರು ತೀರ್ಮಾನಿಸಲು ಆ ಮಾಹಿತಿ ಬೇಕಾಗುತ್ತದೆ.